ಕಣ ಡಿಕ್ಕಿಯ ಯಂತ್ರದಿಂದ ಭೂಮಿಗೆ ಅಪಾಯವಿದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

2008ರ ಸೆಪ್ಟೆಂಬರ್ 10ರಂದು ಲೋಕ ಮುಳುಗುತ್ತದೆ ಎಂಬ ಸುದ್ದಿ ಜಗತ್ತಿನ ಉದ್ದಗಲಕ್ಕೂ ಹಬ್ಬಿತ್ತು. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದ ಲಾರ್ಜ್ ಹ್ಯಾಡ್ರಾನ್ ಕೊಲೈಡರ್, ಅಂದರೆ ಎಲ್‌ಎಚ್‌ಸಿ, ಅಂದು ಚಾಲೂ ಆಯಿತು. ಆದರೆ ಆ ದಿನ ಅಲ್ಲಿ ಒಂದು ಡಿಕ್ಕಿಯೂ ನಡೆದಿರಲಿಲ್ಲ. ಪ್ರೋಟಾನ್‌ಗಳ ಕಿರಣವನ್ನು ಸುರಂಗದಲ್ಲಿ ಒಂದು ಸುತ್ತು ಹಾಯಿಸಿ ನೋಡಿದ್ದಷ್ಟೇ. ಮೊದಲ ಡಿಕ್ಕಿ ನಡೆದದ್ದು 2009ರ ನವೆಂಬರ್ 23ರಂದು. ಭಯ ಪಟ್ಟವರದ್ದು ತಪ್ಪಲ್ಲ. ಅವರಿಗೆ ವಿವರ ತಲುಪಲಿಲ್ಲ. ಆ ವಿವರ ಇಲ್ಲಿದೆ.

ಈ ಯಂತ್ರದೊಳಗೆ ನಡೆಯುವುದಾದರೂ ಏನು?

ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ಗಡಿಯಲ್ಲಿ, ನೆಲದಿಂದ ಸುಮಾರು 100 ಮೀಟರ್ ಕೆಳಗೆ, 26.7 ಕಿಲೋಮೀಟರ್ ಸುತ್ತಳತೆಯ ಉಂಗುರಾಕಾರದ ಸುರಂಗವಿದೆ. ಅದರಲ್ಲಿ ಎರಡು ನಿರ್ವಾತ ಕೊಳವೆಗಳು. ಒಂದರಲ್ಲಿ ಪ್ರೋಟಾನ್‌ಗಳು ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ, ಬೆಳಕಿನ ವೇಗಕ್ಕೆ ತೀರಾ ಹತ್ತಿರದ ವೇಗದಲ್ಲಿ ಸೆಕೆಂಡಿಗೆ 11,245 ಸುತ್ತು ಹಾಕುತ್ತವೆ. ಹಾದಿ ಬಾಗಿಸಲು 1,232 ಅತಿವಾಹಕ ಅಯಸ್ಕಾಂತಗಳಿವೆ, ಅಂದರೆ ಅತಿ ತಂಪಿನಲ್ಲಿ ರೋಧವಿಲ್ಲದೆ ವಿದ್ಯುತ್ ಹರಿಯುವಂಥವು. ಒಂದೊಂದೂ 15 ಮೀಟರ್ ಉದ್ದ, ಸುಮಾರು 35 ಟನ್ ತೂಕ. ದ್ರವ ಹೀಲಿಯಂ ಇವನ್ನು 1.9 ಕೆಲ್ವಿನ್‌ನಲ್ಲಿ, ಅಂದರೆ ಸುಮಾರು ಮೈನಸ್ 271 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತದೆ. ಎರಡು ಕಿರಣಗಳು ನಾಲ್ಕು ಜಾಗಗಳಲ್ಲಿ ಮಾತ್ರ ಎದುರುಬದುರಾಗುತ್ತವೆ. ಅಲ್ಲಿ ಹುಟ್ಟುವ ಕಣಗಳನ್ನು ದೊಡ್ಡ ದೊಡ್ಡ ಶೋಧಕಗಳು ದಾಖಲಿಸುತ್ತವೆ. 2012ರ ಜುಲೈ 4ರಂದು ಘೋಷಣೆಯಾದ ಹಿಗ್ಸ್ ಬೋಸಾನ್ ಎಂಬ ಮೂಲಕಣ ಸಿಕ್ಕಿದ್ದು ಹೀಗೆ.

ಅಷ್ಟೊಂದು ಶಕ್ತಿ ಒಂದೆಡೆ ಸೇರಿದರೆ ಸ್ಫೋಟವಾಗುವುದಿಲ್ಲವೇ?

ಇಲ್ಲಿ ಎರಡು ಬೇರೆ ಬೇರೆ ಶಕ್ತಿಗಳಿವೆ. ಹೆಚ್ಚಿನ ಗೊಂದಲ ಹುಟ್ಟುವುದು ಇವೆರಡನ್ನೂ ಕಲಸಿದಾಗ.

ಮೊದಲನೆಯದು ಒಂದು ಡಿಕ್ಕಿಯ ಶಕ್ತಿ. 2022ರಿಂದ ಇದು 13.6 ಟೆರಾ ಎಲೆಕ್ಟ್ರಾನ್‌ವೋಲ್ಟ್, ಅಂದರೆ 13.6 ಲಕ್ಷ ಕೋಟಿ ಎಲೆಕ್ಟ್ರಾನ್‌ವೋಲ್ಟ್. ಕೇಳಲು ಭಾರೀ ಸಂಖ್ಯೆ. ಆದರೆ ಎಲೆಕ್ಟ್ರಾನ್‌ವೋಲ್ಟ್ ಎಂಬ ಅಳತೆಯೇ ಅತಿ ಸಣ್ಣದು. ಜೂಲ್‌ಗೆ ಬದಲಿಸಿದರೆ ಇದು 0.0000022 ಜೂಲ್. ಒಂದು ಗ್ರಾಂ ತೂಕವನ್ನು ಕಾಲು ಮಿಲಿಮೀಟರ್ ಎತ್ತಲೂ ಇದು ಸಾಲದು. ವಿಶೇಷವಿರುವುದು ಶಕ್ತಿಯ ಮೊತ್ತದಲ್ಲಲ್ಲ, ಅದು ಪ್ರೋಟಾನಿಗಿಂತ ಸಣ್ಣ ಜಾಗದಲ್ಲಿ ಸೇರುವುದರಲ್ಲಿ.

ಎರಡನೆಯದು ಇಡೀ ಕಿರಣದ ಒಟ್ಟು ಶಕ್ತಿ. ಮೂಲ ವಿನ್ಯಾಸದ ಪ್ರಕಾರ ಒಂದು ಕಿರಣದಲ್ಲಿ 2,808 ಗೊಂಚಲುಗಳು, ಪ್ರತಿ ಗೊಂಚಲಿನಲ್ಲಿ ಸುಮಾರು 11,500 ಕೋಟಿ ಪ್ರೋಟಾನ್‌ಗಳು. ಎಲ್ಲ ಸೇರಿ 362 ಮೆಗಾಜೂಲ್, ಅರ್ಧ ಟನ್ ತಾಮ್ರ ಕರಗಿಸುವಷ್ಟು. ಇದು ನಿಜವಾಗಿಯೂ ಅಪಾಯಕಾರಿ, ಆದರೆ ಯಂತ್ರಕ್ಕೆ, ಭೂಮಿಗಲ್ಲ. ಅದಕ್ಕೇ ಉಂಗುರದುದ್ದಕ್ಕೂ ಸಾವಿರಾರು ಕಿರಣನಷ್ಟ ಮಾಪಕಗಳಿವೆ. ಒಂದರಲ್ಲಿ ಮಿತಿ ಮೀರಿದರೂ ಸಾಕು, ಕಿರಣವೊಂದಕ್ಕೆ 15ರಂತೆ ಇರುವ ಒದೆ ಅಯಸ್ಕಾಂತಗಳು ಅದನ್ನು ಪಕ್ಕದ ಸುರಂಗಕ್ಕೆ ತಳ್ಳುತ್ತವೆ. ಅಲ್ಲಿ ಸುಮಾರು 8 ಮೀಟರ್ ಉದ್ದ, 70 ಸೆಂಟಿಮೀಟರ್ ವ್ಯಾಸದ ಗ್ರಾಫೈಟ್ ದಿಮ್ಮಿ ಕಿರಣವನ್ನು ನುಂಗುತ್ತದೆ. ಒಂದೇ ಬಿಂದುವಿಗೆ ಬಡಿದರೆ ಗ್ರಾಫೈಟ್ ಕೂಡ ತಡೆಯದು. ಆದ್ದರಿಂದ ಕಿರಣವನ್ನು ಅದರ ಮುಖದ ಮೇಲೆ ಗೆರೆ ಎಳೆದ ಹಾಗೆ ಹರಡುತ್ತಾರೆ. ಕಿರಣ ಪೂರ್ತಿ ಹೊರಹೋಗಲು ಬೇಕಾದದ್ದು ಒಂದೇ ಸುತ್ತಿನ ಸಮಯ, 89 ಮೈಕ್ರೊಸೆಕೆಂಡ್.

ಇದು ಅಣು ರಿಯಾಕ್ಟರ್ ಅಲ್ಲ. ಇಲ್ಲಿ ಇಂಧನವಿಲ್ಲ, ತಾನಾಗಿ ಮುಂದುವರಿಯುವ ಸರಪಳಿ ಕ್ರಿಯೆ ಇಲ್ಲ. ಒಂದು ಕಿರಣದ ಅಷ್ಟೂ ಪ್ರೋಟಾನ್‌ಗಳ ತೂಕ ಒಂದು ನ್ಯಾನೊಗ್ರಾಂಗಿಂತ ಕಡಿಮೆ. ಕರೆಂಟ್ ಹೋದರೆ ಕಿರಣ ಹೊರಬೀಳುತ್ತದೆ, ಆಟ ಮುಗಿಯುತ್ತದೆ.

ಕಪ್ಪುಕುಳಿ ಹುಟ್ಟುತ್ತದಂತೆ, ಹೌದೇ?

ನಮಗೆ ಗೊತ್ತಿರುವ ಗುರುತ್ವದ ನಿಯಮದ ಪ್ರಕಾರ ಸಾಧ್ಯವೇ ಇಲ್ಲ. ಎರಡು ಕಣಗಳ ಡಿಕ್ಕಿಯಲ್ಲಿ ಕಪ್ಪುಕುಳಿಯಾಗಲು ಪ್ಲಾಂಕ್ ಶಕ್ತಿ ಎಂಬ, ಕಣಗಳ ನಡುವೆಯೂ ಗುರುತ್ವ ಬಲವಾಗುವ ಮಟ್ಟದ ಆಸುಪಾಸಿಗೆ ಹೋಗಬೇಕು. ಅದು ಸುಮಾರು 1.2×10¹⁶ ಟೆರಾ ಎಲೆಕ್ಟ್ರಾನ್‌ವೋಲ್ಟ್. ಎಲ್‌ಎಚ್‌ಸಿ ಅದಕ್ಕಿಂತ ಸುಮಾರು 10¹⁵ ಪಟ್ಟು ಹಿಂದಿದೆ. ಇನ್ನೊಂದು ಬಗೆಯಲ್ಲಿ ನೋಡಿ: ಯಂತ್ರದ ವಿನ್ಯಾಸದ ಗರಿಷ್ಠ ಡಿಕ್ಕಿ ಶಕ್ತಿಯಾದ 14 ಟೆರಾ ಎಲೆಕ್ಟ್ರಾನ್‌ವೋಲ್ಟ್‌ಗೆ ಸಮನಾದ ದ್ರವ್ಯರಾಶಿ 2.5×10⁻²³ ಕಿಲೋಗ್ರಾಂ. ಅದು ಕಪ್ಪುಕುಳಿಯಾಗಲು 3.7×10⁻⁵⁰ ಮೀಟರ್ ತ್ರಿಜ್ಯದೊಳಗೆ ಹಿಂಡಿಹೋಗಬೇಕು. ಪ್ರೋಟಾನಿನ ತ್ರಿಜ್ಯ 10⁻¹⁵ ಮೀಟರಿನ ಆಸುಪಾಸು.

ಹಾಗಾದರೆ ಈ ಮಾತು ಬಂದದ್ದೆಲ್ಲಿಂದ? 1998ರಲ್ಲಿ ಅರ್ಕಾನಿ-ಹಮೀದ್, ಡಿಮೊಪೊಲಸ್, ಡ್ವಾಲಿ ಎಂಬ ಮೂವರು ವಿಜ್ಞಾನಿಗಳು ಒಂದು ಊಹೆ ಮುಂದಿಟ್ಟರು. ನಮಗೆ ಕಾಣುವ ಮೂರು ಆಯಾಮಗಳಾಚೆ ಸುರುಳಿಕೊಂಡ ಬೇರೆ ಆಯಾಮಗಳಿದ್ದರೆ, ಅತಿ ಸಣ್ಣ ದೂರದಲ್ಲಿ ಗುರುತ್ವ ಬಲವಾಗಿರಬಹುದು. ಆಗ ಎಲ್‌ಎಚ್‌ಸಿಯಲ್ಲೂ ಸೂಕ್ಷ್ಮ ಕಪ್ಪುಕುಳಿ ಹುಟ್ಟಬಹುದು ಎಂದು ಮುಂದೆ ಕೆಲವರು ಲೆಕ್ಕ ಹಾಕಿದರು. ಇದು ಗಂಭೀರ ಊಹೆಯೇ, ಹುಡುಕಲು ಯೋಗ್ಯವಾದದ್ದೇ. ಎಲ್‌ಎಚ್‌ಸಿಯ ಸಿಎಂಎಸ್ ಮತ್ತು ಅಟ್ಲಾಸ್ ಶೋಧಕಗಳು 2010ರಿಂದ ಹುಡುಕಿವೆ, ಒಂದೂ ಸಿಕ್ಕಿಲ್ಲ. ಹುಟ್ಟಿದರೂ ಅದು ಹಾಕಿಂಗ್ ವಿಕಿರಣ (ಕಪ್ಪುಕುಳಿ ಹೊರಸೂಸುತ್ತದೆ ಎಂದು ಸ್ಟೀಫನ್ ಹಾಕಿಂಗ್ ಲೆಕ್ಕ ಹಾಕಿದ ವಿಕಿರಣ) ಸೂಸಿ ಆವಿಯಾಗಿ 10⁻²⁶ ಸೆಕೆಂಡಿನ ಆಸುಪಾಸಿನಲ್ಲಿ ಕಣಗಳಾಗಿ ಚದುರಿಹೋಗುತ್ತದೆ ಎಂಬುದು ಸಿದ್ಧಾಂತದ ಮಾತು.

ಆದರೆ ಹಾಕಿಂಗ್ ವಿಕಿರಣವನ್ನು ಯಾರೂ ಕಣ್ಣಾರೆ ಕಂಡಿಲ್ಲವಲ್ಲ?

ಹೌದು, ಕಂಡಿಲ್ಲ. ನ್ಯಾಯವಾದ ಪ್ರಶ್ನೆ ಇದು. ಸುರಕ್ಷತೆಯ ವಾದ ಹಾಕಿಂಗ್ ಒಬ್ಬರ ಮೇಲೆ ನಿಂತಿದ್ದರೆ ನಾವೂ ಅದನ್ನು ಒಪ್ಪುತ್ತಿರಲಿಲ್ಲ. ಅದು ನಿಂತಿರುವುದು ಆಕಾಶದಿಂದ ಬೀಳುವ ಕಣಗಳ ಮೇಲೆ.

ಕಾಸ್ಮಿಕ್ ಕಿರಣಗಳು ಎಂದರೆ ಅಂತರಿಕ್ಷದಿಂದ ಬರುವ ಪ್ರೋಟಾನ್‌ಗಳು ಮತ್ತು ಪರಮಾಣು ಬೀಜಗಳು. ಅವು ಭೂಮಿಯ ಗಾಳಿಯಲ್ಲಿ ನಿಶ್ಚಲವಾಗಿರುವ ಬೀಜಗಳಿಗೆ ಬಡಿಯುತ್ತವೆ. ಹಾಗಾಗಿ ಎಲ್‌ಎಚ್‌ಸಿಯ ಎದುರುಬದುರು ಡಿಕ್ಕಿಗೆ ನೇರವಾಗಿ ಹೋಲಿಸಲಾಗದು, ಒಂದು ಸಣ್ಣ ಲೆಕ್ಕ ಬೇಕು. ನೀವೇ ಮಾಡಬಹುದು. ಯಂತ್ರದ ಗರಿಷ್ಠ ಡಿಕ್ಕಿ ಶಕ್ತಿಯನ್ನು ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಬರೆಯಿರಿ: 1.4×10¹³. ಅದನ್ನು ವರ್ಗ ಮಾಡಿ: 1.96×10²⁶. ಪ್ರೋಟಾನಿನ ದ್ರವ್ಯರಾಶಿ ಶಕ್ತಿಯ ಎರಡರಷ್ಟರಿಂದ, ಅಂದರೆ 1.88×10⁹ರಿಂದ ಭಾಗಿಸಿ. ಸಿಗುವುದು ಸುಮಾರು 10¹⁷ ಎಲೆಕ್ಟ್ರಾನ್‌ವೋಲ್ಟ್. ಅಷ್ಟು ಶಕ್ತಿಯ ಒಂದು ಪ್ರೋಟಾನ್ ಗಾಳಿಯಲ್ಲಿನ ಪ್ರೋಟಾನಿಗೆ ಬಡಿದರೆ ಎಲ್‌ಎಚ್‌ಸಿಯ ಗರಿಷ್ಠ ಡಿಕ್ಕಿಗೆ ಸಮ.

ಇಂಥ, ಇದಕ್ಕಿಂತ ಹೆಚ್ಚಿನ ಶಕ್ತಿಯ ಕಾಸ್ಮಿಕ್ ಕಣಗಳು ಭೂಮಿಯ ಮೇಲೆ ಸೆಕೆಂಡಿಗೆ ಸುಮಾರು ಎರಡೂವರೆ ಲಕ್ಷ ಬೀಳುತ್ತವೆ. ಈ ವಾಕ್ಯ ಓದುವಷ್ಟರಲ್ಲೂ ಬಿದ್ದಿವೆ. 450 ಕೋಟಿ ವರ್ಷಗಳಲ್ಲಿ ಒಟ್ಟು 3×10²²ಕ್ಕೂ ಹೆಚ್ಚು. ಎಲ್‌ಎಚ್‌ಸಿಯ ಯೋಜಿತ ಜೀವಿತಾವಧಿಯ ಒಟ್ಟು ಡಿಕ್ಕಿಗಳು ಸುಮಾರು 10¹⁷ ಎಂದು ಲೆಕ್ಕ. ಅಂದರೆ ಪ್ರಕೃತಿ ಈ ಪ್ರಯೋಗವನ್ನು ಭೂಮಿಯೊಂದರ ಮೇಲೆಯೇ ಲಕ್ಷಕ್ಕೂ ಹೆಚ್ಚು ಬಾರಿ, ಸೂರ್ಯನ ಮೇಲೆ ನೂರು ಕೋಟಿ ಬಾರಿ ಮುಗಿಸಿದೆ. 1991ರ ಅಕ್ಟೋಬರ್ 15ರಂದು ಅಮೆರಿಕದ ಯೂಟಾದಲ್ಲಿ ದಾಖಲಾದ ಒಂದು ಕಣದ ಶಕ್ತಿ 3.2×10²⁰ ಎಲೆಕ್ಟ್ರಾನ್‌ವೋಲ್ಟ್. ಅದು ಪ್ರೋಟಾನ್ ಆಗಿದ್ದರೆ ಆ ಡಿಕ್ಕಿ ಎಲ್‌ಎಚ್‌ಸಿಯ ಡಿಕ್ಕಿಗಿಂತ 50 ಪಟ್ಟಿಗೂ ಹೆಚ್ಚು ಬಲದ್ದು.

ಕಾಸ್ಮಿಕ್ ಡಿಕ್ಕಿಯಲ್ಲಿ ಹುಟ್ಟಿದ್ದು ಭೂಮಿಯನ್ನು ತೂರಿಕೊಂಡು ಹೋಗುತ್ತದೆ. ಯಂತ್ರದಲ್ಲಿ ಹುಟ್ಟಿದ್ದು ಇಲ್ಲೇ ಉಳಿಯಬಹುದಲ್ಲ?

ಎದುರಾದ ಆಕ್ಷೇಪಗಳಲ್ಲೆಲ್ಲ ಗಟ್ಟಿಯಾದದ್ದು ಇದೇ. ಕಾಸ್ಮಿಕ್ ಕಣ ಒಂದೇ ದಿಕ್ಕಿನಿಂದ ಬಂದು ಬಡಿಯುವುದರಿಂದ ಹುಟ್ಟಿದ ವಸ್ತುವೂ ಅದೇ ದಿಕ್ಕಿನಲ್ಲಿ ಮಹಾವೇಗದಲ್ಲಿ ಓಡುತ್ತದೆ. ಎಲ್‌ಎಚ್‌ಸಿಯಲ್ಲಿ ಎರಡೂ ಕಡೆಯ ವೇಗ ಒಂದನ್ನೊಂದು ರದ್ದು ಮಾಡುತ್ತದೆ; ನಿಧಾನವಾದ ವಸ್ತು ಭೂಮಿಯ ಗುರುತ್ವಕ್ಕೆ ಸಿಕ್ಕಿಬೀಳಬಹುದು.

ಉತ್ತರ ಹಂತ ಹಂತವಾಗಿದೆ. ಆ ಕಪ್ಪುಕುಳಿಗೆ ವಿದ್ಯುದಾವೇಶವಿದ್ದರೆ ಎಷ್ಟೇ ವೇಗದಲ್ಲಿದ್ದರೂ ಭೂಮಿ ಅಥವಾ ಸೂರ್ಯನೊಳಗೆ ಅದು ನಿಂತೇ ನಿಲ್ಲುತ್ತದೆ. ಭೂಮಿಯೂ ಸೂರ್ಯನೂ ಇನ್ನೂ ಇವೆ. ಉಳಿಯುವುದು ಆವೇಶವಿಲ್ಲದ, ಆವಿಯಾಗದ ಕಪ್ಪುಕುಳಿ ಎಂಬ ಊಹೆ ಮಾತ್ರ. 2008ರಲ್ಲಿ ಭೌತವಿಜ್ಞಾನಿಗಳಾದ ಸ್ಟೀವನ್ ಗಿಡಿಂಗ್ಸ್ ಮತ್ತು ಮಿಕೆಲಾಂಜೆಲೊ ಮಂಗಾನೊ ಇದನ್ನೇ ಕೈಗೆತ್ತಿಕೊಂಡರು. ಕಾಲವೂ ಸೇರಿ ಒಟ್ಟು ಆಯಾಮ ಎಂಟು ಅಥವಾ ಹೆಚ್ಚಿದ್ದರೆ ಅಂಥ ಕುಳಿ ಬೆಳೆಯಲು ಸೌರಮಂಡಲದ ಆಯುಸ್ಸೂ ಸಾಲದು. ಆಯಾಮ ಅದಕ್ಕಿಂತ ಕಡಿಮೆಯಿದ್ದರೆ ಶ್ವೇತಕುಬ್ಜ ಮತ್ತು ನ್ಯೂಟ್ರಾನ್ ನಕ್ಷತ್ರಗಳನ್ನು, ಅಂದರೆ ಇಂಧನ ಮುಗಿದು ಕುಗ್ಗಿದ ಅತಿ ದಟ್ಟ ನಕ್ಷತ್ರಗಳನ್ನು, ನೋಡಬೇಕು. ಶ್ವೇತಕುಬ್ಜದ ಒಂದು ಘನ ಸೆಂಟಿಮೀಟರಿನಲ್ಲಿ ಟನ್‌ಗಟ್ಟಲೆ ದ್ರವ್ಯವಿರುತ್ತದೆ. ಅಷ್ಟು ದಟ್ಟ ಕಾಯದೊಳಗೆ ಮಹಾವೇಗದ ಕುಳಿಯೂ ನಿಂತು, ತಿನ್ನಲು ಆರಂಭಿಸಿ, ನಕ್ಷತ್ರವನ್ನು ಬೇಗನೆ ಮುಗಿಸಬೇಕಿತ್ತು. ನೂರು ಕೋಟಿ ವರ್ಷಕ್ಕೂ ಹಳೆಯ ಶ್ವೇತಕುಬ್ಜಗಳು ಆಕಾಶದಲ್ಲಿ ಹಾಗೇ ಇವೆ. ಬಲವಾದ ಕಾಂತಕ್ಷೇತ್ರವಿರುವ ನಕ್ಷತ್ರಗಳು ಕಾಸ್ಮಿಕ್ ಕಣಗಳ ಶಕ್ತಿಯನ್ನು ಕುಗ್ಗಿಸಬಹುದು ಎಂಬುದನ್ನೂ ಅವರು ಗಣನೆಗೆ ತೆಗೆದುಕೊಂಡು, ಕಾಂತಕ್ಷೇತ್ರ ದುರ್ಬಲವಿರುವ ಶ್ವೇತಕುಬ್ಜಗಳನ್ನೇ ಆರಿಸಿದ್ದರು. ವಾದವನ್ನು ಎದುರಾಳಿಯ ಜಾಗದಲ್ಲಿ ನಿಂತು ಪರೀಕ್ಷಿಸಿದ ಈ ರೀತಿಗೆ ನಮ್ಮ ಗೌರವವಿದೆ.

ಭೂಮಿ ನಾಶವಾಗಿದ್ದರೆ ಪ್ರಶ್ನೆ ಕೇಳಲು ನಾವೇ ಇರುತ್ತಿರಲಿಲ್ಲ. ಬದುಕಿರುವುದೇ ಸುರಕ್ಷತೆಗೆ ಸಾಕ್ಷಿಯೇ?

ಬರೀ ಭೂಮಿ ಉಳಿದಿದೆ ಎಂಬುದು ದುರ್ಬಲ ಸಾಕ್ಷಿ, ನಿಜ. ಅದಕ್ಕೇ ದೂರದ ನಕ್ಷತ್ರಗಳ ಸಾಕ್ಷಿ ಮುಖ್ಯ. ಅವು ಸಾಯುತ್ತಿದ್ದರೂ ನಾವು ಬದುಕಿದ್ದು ನೋಡಬಹುದಿತ್ತು. ಇಡೀ ವಿಶ್ವವನ್ನೇ ಅಳಿಸುವಂಥ ದುರಂತದ ವಿಷಯದಲ್ಲಿ ಈ ಮಾರ್ಗವೂ ಮುಚ್ಚುತ್ತದೆ. ಅದಕ್ಕೆ 2005ರಲ್ಲಿ ಮ್ಯಾಕ್ಸ್ ಟೆಗ್‌ಮಾರ್ಕ್ ಮತ್ತು ನಿಕ್ ಬಾಸ್ಟ್ರಂ ಬೇರೆ ದಾರಿ ಹಿಡಿದರು. ಅಂಥ ದುರಂತ ಪದೇ ಪದೇ ಆಗುವಂಥದಾಗಿದ್ದರೆ, ಬದುಕುಳಿದ ಯಾರೇ ಆಗಲಿ ವಿಶ್ವದ ಇತಿಹಾಸದಲ್ಲಿ ಬೇಗ ರೂಪುಗೊಂಡ ಗ್ರಹದಲ್ಲಿರುವ ಸಂಭವವೇ ಹೆಚ್ಚು. ಭೂಮಿ ಹಾಗಲ್ಲ, ತಡವಾಗಿ ಹುಟ್ಟಿದ್ದು. ಇದರಿಂದ ಅವರು ತೆಗೆದ ಮಿತಿ: ಇಂಥ ನೈಸರ್ಗಿಕ ದುರಂತ ಸರಾಸರಿ ನೂರು ಕೋಟಿ ವರ್ಷಕ್ಕೆ ಒಂದಕ್ಕಿಂತ ಅಪರೂಪ. ಪ್ರಕೃತಿಯ ಡಿಕ್ಕಿಗಳು ಯಂತ್ರದ ಡಿಕ್ಕಿಗಳಿಗಿಂತ ಎಷ್ಟೋ ಪಟ್ಟು ಹೆಚ್ಚಿರುವುದರಿಂದ, ಯಂತ್ರಕ್ಕೆ ಅನ್ವಯಿಸಿದಾಗ ಈ ಸಂಭವ ಇನ್ನಷ್ಟು ಕುಗ್ಗುತ್ತದೆ.

ಸ್ಟ್ರೇಂಜ್‌ಲೆಟ್ ಎಂದರೇನು? ಅದು ಮುಟ್ಟಿದ್ದೆಲ್ಲವನ್ನೂ ತನ್ನಂತೆ ಮಾಡುತ್ತದಂತೆ?

ಪ್ರೋಟಾನ್ ನ್ಯೂಟ್ರಾನ್‌ಗಳಲ್ಲಿರುವುದು ಅಪ್ ಮತ್ತು ಡೌನ್ ಎಂಬ ಕ್ವಾರ್ಕ್‌ಗಳು, ಅಂದರೆ ಇನ್ನೂ ಸಣ್ಣ ಮೂಲಕಣಗಳು. ಇವುಗಳ ಜೊತೆ ಸ್ಟ್ರೇಂಜ್ ಕ್ವಾರ್ಕ್‌ಗಳೂ ಸಮಪಾಲಿನಲ್ಲಿ ಸೇರಿದ ಉಂಡೆ ಸಾಮಾನ್ಯ ದ್ರವ್ಯಕ್ಕಿಂತ ಸ್ಥಿರವಾಗಿರಬಹುದು ಎಂಬ ಊಹೆ 1970, 80ರ ದಶಕಗಳದ್ದು. ಅಂಥ ಉಂಡೆಯೇ ಸ್ಟ್ರೇಂಜ್‌ಲೆಟ್. ಅದು ಸ್ಥಿರವಾಗಿದ್ದು, ಋಣ ಆವೇಶವನ್ನೂ ಹೊಂದಿದ್ದರೆ, ಸುತ್ತಲಿನ ಬೀಜಗಳನ್ನು ಎಳೆದುಕೊಂಡು ಬೆಳೆಯಬಹುದು ಎಂಬುದು ಭಯ. ಇಲ್ಲಿ ಎಷ್ಟು ‘ಇದ್ದರೆ’ಗಳಿವೆ ಗಮನಿಸಿ.

ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಚಿನ್ನದ ಬೀಜಗಳನ್ನು ಡಿಕ್ಕಿ ಹೊಡೆಸುವ ರಿಕ್ ಯಂತ್ರ 2000ದಲ್ಲಿ ಶುರುವಾಗುವ ಮುನ್ನ ಈ ಪ್ರಶ್ನೆಯನ್ನು ನಾಲ್ವರು ಭೌತವಿಜ್ಞಾನಿಗಳ ಸಮಿತಿ ಪರಿಶೀಲಿಸಿತು. ಅವರು ತೋರಿಸಿದ್ದು ಚಂದ್ರನನ್ನು. ಅಲ್ಲಿ ಗಾಳಿಯ ಹೊದಿಕೆ ಇಲ್ಲ, ಕಬ್ಬಿಣದಂಥ ಭಾರವಾದ ಬೀಜಗಳ ಕಾಸ್ಮಿಕ್ ಕಿರಣ ನೇರವಾಗಿ ನೆಲದಲ್ಲಿರುವ ಭಾರವಾದ ಬೀಜಗಳಿಗೇ ಬಡಿಯುತ್ತದೆ. ಚಂದ್ರ ಕೋಟ್ಯಂತರ ವರ್ಷಗಳಿಂದ ಚಂದ್ರನಾಗಿಯೇ ಇದ್ದಾನೆ.

ಎಲ್‌ಎಚ್‌ಸಿಯಲ್ಲಿ ಸ್ಟ್ರೇಂಜ್‌ಲೆಟ್ ಕೂಡಿಕೊಳ್ಳುವುದು ಇನ್ನೂ ಕಷ್ಟ. ಸೀಸದ ಬೀಜಗಳ ಡಿಕ್ಕಿಯಲ್ಲಿ ತಾಪ ಲಕ್ಷ ಕೋಟಿ ಡಿಗ್ರಿಗಳನ್ನು ಮೀರುತ್ತದೆ. ಸಡಿಲವಾಗಿ ಅಂಟಿಕೊಂಡ ಉಂಡೆ ಆ ಕುಲುಮೆಯಲ್ಲಿ ಹರಳುಗಟ್ಟುವ ಮಾತೇ ಇಲ್ಲ. ಆಲಿಸ್ ಶೋಧಕ ಇದನ್ನು ಅಳೆದೂ ತೋರಿಸಿದೆ: ಡಿಕ್ಕಿಯಿಂದ ಹೊರಬರುವ ಬೀಜಕ್ಕೆ ಒಂದೊಂದು ಪ್ರೋಟಾನ್ ಅಥವಾ ನ್ಯೂಟ್ರಾನ್ ಹೆಚ್ಚಾದಂತೆ ಅದರ ಸಂಖ್ಯೆ ಸುಮಾರು 300 ಪಟ್ಟು ಕುಸಿಯುತ್ತದೆ. ನಾಲ್ಕು ಕಣಗಳ ಹೀಲಿಯಂ ಬೀಜವೇ ಅಪರೂಪ. ಹತ್ತಾರು ಕಣಗಳ ಉಂಡೆ ಎಲ್ಲಿಂದ ಬರಬೇಕು?

‘ನಿರ್ವಾತ ಕುಸಿತ’ವಾಗಿ ವಿಶ್ವವೇ ಅಳಿಯಬಹುದೇ?

ಹಿಗ್ಸ್ ಬೋಸಾನಿನ ದ್ರವ್ಯರಾಶಿ ಸುಮಾರು 125 ಗಿಗಾ ಎಲೆಕ್ಟ್ರಾನ್‌ವೋಲ್ಟ್, ಟಾಪ್ ಕ್ವಾರ್ಕಿನದು ಸುಮಾರು 173. ಈಗಿನ ಸಿದ್ಧಾಂತವನ್ನು ಬದಲಾವಣೆ ಇಲ್ಲದೆ ಅತಿ ಮೇಲಿನ ಶಕ್ತಿಗಳವರೆಗೆ ಎಳೆದರೆ, ಈ ಎರಡು ಸಂಖ್ಯೆಗಳು ನಮ್ಮ ವಿಶ್ವದ ನಿರ್ವಾತ ಪೂರ್ತಿ ಸ್ಥಿರವಲ್ಲ, ಅರೆಸ್ಥಿರ ಎಂದು ಸೂಚಿಸುತ್ತವೆ. ಅಂದರೆ ಖಾಲಿ ಜಾಗದ ಈಗಿನ ಸ್ಥಿತಿ ಎಂದಾದರೂ ಇನ್ನೂ ಕಡಿಮೆ ಶಕ್ತಿಯ ಸ್ಥಿತಿಗೆ ಜಾರಬಹುದು; ನಿರ್ವಾತ ಕುಸಿತ ಎಂದರೆ ಇದೇ. ಆದರೆ ಅದೇ ಲೆಕ್ಕ ಕೊಡುವ ಆಯುಸ್ಸು ವಿಶ್ವದ ಈಗಿನ 1,380 ಕೋಟಿ ವರ್ಷಗಳಿಗಿಂತ ಊಹೆಗೂ ನಿಲುಕದಷ್ಟು ದೊಡ್ಡದು. ಯಂತ್ರ ಅದನ್ನು ಕೆಣಕಬಹುದೇ ಎಂದು 1983ರಲ್ಲೇ ಪೀಟ್ ಹಟ್ ಮತ್ತು ಮಾರ್ಟಿನ್ ರೀಸ್ ಪ್ರಶ್ನಿಸಿ, ಕಾಸ್ಮಿಕ್ ಕಿರಣಗಳ ಪರಸ್ಪರ ಡಿಕ್ಕಿಗಳನ್ನು ಎಣಿಸಿ, ಇಲ್ಲ ಎಂದು ಉತ್ತರಿಸಿದ್ದರು.

ಏಕಧ್ರುವ ಕಾಂತಕಣ, ಪ್ರತಿದ್ರವ್ಯ?

ಏಕಧ್ರುವ ಕಣ ಎಂದರೆ ಉತ್ತರ ಅಥವಾ ದಕ್ಷಿಣ, ಒಂದೇ ಕಾಂತಧ್ರುವವಿರುವ ಊಹೆಯ ಕಣ. ಪ್ರೋಟಾನನ್ನು ಒಡೆಯಬಲ್ಲ ಅಂಥ ಕಣಗಳು ಇದ್ದರೂ ಅವು ಎಲ್‌ಎಚ್‌ಸಿಯ ಶಕ್ತಿಗೆ ನಿಲುಕದಷ್ಟು ಭಾರ. ಸಾಮಾನ್ಯ ದ್ರವ್ಯಕ್ಕೆ ತಾಗಿದರೆ ಎರಡೂ ಅಳಿದು ಶಕ್ತಿಯಾಗುವ ಪ್ರತಿದ್ರವ್ಯ ಸರ್ನ್‌ನಲ್ಲಿ ನಿಜವಾಗಿಯೂ ತಯಾರಾಗುತ್ತದೆ. ಆದರೆ ಅಲ್ಲಿ ಈವರೆಗೆ ಮಾಡಿದ್ದೆಲ್ಲವನ್ನೂ ಒಮ್ಮೆಗೇ ದ್ರವ್ಯದೊಡನೆ ಸೇರಿಸಿದರೆ ಒಂದು ವಿದ್ಯುತ್ ಬಲ್ಬು ಕೆಲವು ನಿಮಿಷ ಉರಿಯಬಹುದು, ಅಷ್ಟೇ.

ಹಾಗಾದರೆ ವಿಜ್ಞಾನಿಗಳು ‘ಸಂಭವ ಸೊನ್ನೆ’ ಎಂದು ಏಕೆ ಖಂಡಿತವಾಗಿ ಹೇಳುವುದಿಲ್ಲ?

ಕ್ವಾಂಟಂ ಸಿದ್ಧಾಂತದಲ್ಲಿ ಯಾವುದಕ್ಕೂ ಪೂರ್ಣ ಸೊನ್ನೆ ಬರೆಯುವುದು ಕಷ್ಟ. ಈ ಎಚ್ಚರದ ಮಾತನ್ನು ಕೆಲವರು ‘ಆದರೂ ಆಗಬಹುದು, ಇಲ್ಲದಿದ್ದರೂ ಇಲ್ಲ, ಅರ್ಧಕ್ಕರ್ಧ’ ಎಂದು ತಿರುಚುತ್ತಾರೆ. ಎರಡು ಫಲಿತಾಂಶಗಳಿವೆ ಎಂದ ಮಾತ್ರಕ್ಕೆ ಅವು ಸಮಾನ ಸಂಭವದ್ದಲ್ಲ. ವಿಜ್ಞಾನಿಗಳು ಇದನ್ನು ಮನೆಮಾತಿನಲ್ಲಿ ಸ್ಪಷ್ಟವಾಗಿ ‘ಅಪಾಯವಿಲ್ಲ’ ಎಂದೇ ಹೇಳಬೇಕು ಎಂಬುದು ನಮ್ಮ ಅಭಿಪ್ರಾಯ.

ನಿಜವಾದ ಅವಘಡ ಒಂದೂ ಆಗಿಲ್ಲವೇ?

ಆಗಿದೆ. 2008ರ ಸೆಪ್ಟೆಂಬರ್ 19ರಂದು, ಕಿರಣವಿಲ್ಲದೆ ಅಯಸ್ಕಾಂತಗಳಿಗೆ ವಿದ್ಯುತ್ ಏರಿಸಿ ಪರೀಕ್ಷಿಸುತ್ತಿದ್ದಾಗ, ಎರಡು ಅಯಸ್ಕಾಂತಗಳ ನಡುವಿನ ಒಂದು ಜೋಡಣೆ ಕೈಕೊಟ್ಟಿತು. ಅಲ್ಲಿ ವಿದ್ಯುತ್ ರೋಧ ಒಂದು ನ್ಯಾನೊ ಓಮ್‌ಗಿಂತ ಕಡಿಮೆ ಇರಬೇಕಿತ್ತು. ಅಂದಾಜು 200 ನ್ಯಾನೊ ಓಮ್ ಇತ್ತು. ಸುಮಾರು 9,000 ಆಂಪಿಯರ್ ಹರಿಯುವಾಗ ಆ ಸಣ್ಣ ರೋಧವೇ ಬಿಸಿಯಾಗಿ, ಬೆಸುಗೆ ಬಿಟ್ಟು, ಕಿಡಿ ಹಾರಿ ಹೀಲಿಯಂ ಕವಚ ತೂತಾಯಿತು. ದ್ರವ ಹೀಲಿಯಂ ಕೋಣೆಯ ತಾಪದ ಅನಿಲವಾದಾಗ 700 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಆ ಒತ್ತಡಕ್ಕೆ ಟನ್‌ಗಟ್ಟಲೆ ತೂಕದ ಅಯಸ್ಕಾಂತಗಳು ಜಾಗ ಬಿಟ್ಟು ಸರಿದವು. ಸುಮಾರು 6 ಟನ್ ಹೀಲಿಯಂ ಹೋಯಿತು, 53 ಅಯಸ್ಕಾಂತಗಳನ್ನು ಮೇಲೆತ್ತಿ ಸರಿಪಡಿಸಬೇಕಾಯಿತು ಅಥವಾ ಬದಲಿಸಬೇಕಾಯಿತು, ಯಂತ್ರ 14 ತಿಂಗಳು ನಿಂತಿತು. ಸುರಂಗದಲ್ಲಿ ಯಾರೂ ಇರಲಿಲ್ಲ, ಯಾರಿಗೂ ಗಾಯವಾಗಲಿಲ್ಲ. 2013ರಲ್ಲಿ ಶುರುವಾದ ದೀರ್ಘ ಬಿಡುವಿನಲ್ಲಿ ಇಂಥ 10,000ಕ್ಕೂ ಹೆಚ್ಚು ಜೋಡಣೆಗಳಿಗೆ, ವಿದ್ಯುತ್ ಪಕ್ಕದಿಂದ ಹಾದುಹೋಗಲು ಹೆಚ್ಚುವರಿ ತಾಮ್ರದ ಪಟ್ಟಿ ಕೂಡಿಸಿದರು. 2016ರ ಏಪ್ರಿಲ್‌ನಲ್ಲಿ ಮುಂಗುಸಿಯಷ್ಟು ದೊಡ್ಡ ಪ್ರಾಣಿಯೊಂದು ಟ್ರಾನ್ಸ್‌ಫಾರ್ಮರ್‌ಗೆ ಸಿಲುಕಿ ಸತ್ತಾಗಲೂ ಯಂತ್ರ ತಾನಾಗಿ ನಿಂತಿತ್ತು.

ಕೆಲಸಗಾರರಿಗೆ ಇರುವ ಅಪಾಯಗಳು ಇಂಥವೇ. ಸೋರಿದ ಹೀಲಿಯಂ ಆಮ್ಲಜನಕವನ್ನು ಸರಿಸಿ ಉಸಿರುಕಟ್ಟಿಸಬಲ್ಲದು. ಕಿರಣ ಓಡುವಾಗ ಸುರಂಗಕ್ಕೆ ಪ್ರವೇಶವಿಲ್ಲ. ಒಳಹೋಗುವವರ ಕಣ್ಣಿನ ಪಾಪೆ ಗುರುತಿಸುತ್ತಾರೆ, ಪ್ರತಿಯೊಬ್ಬರೂ ಒಂದು ಬೀಗದ ಕೈ ಒಯ್ಯುತ್ತಾರೆ, ಎಲ್ಲ ಬೀಗದ ಕೈಗಳೂ ವಾಪಸಾಗದೆ ಕಿರಣ ಶುರುವಾಗುವುದಿಲ್ಲ. ಈ ಕಟ್ಟುನಿಟ್ಟಿಗೆ ಕಾರಣವಿದೆ: 1978ರಲ್ಲಿ ಸೋವಿಯತ್ ಒಕ್ಕೂಟದ ಪ್ರೊಟ್ವಿನೊದಲ್ಲಿ ಅನತೊಲಿ ಬುಗೊರ್‌ಸ್ಕಿ ಎಂಬ ವಿಜ್ಞಾನಿಯ ತಲೆಯ ಮೂಲಕ ಪ್ರೋಟಾನ್ ಕಿರಣ ಹಾಯ್ದುಹೋಗಿತ್ತು. ಅವರು ಬದುಕುಳಿದರು, ಆದರೆ ಒಂದು ಕಿವಿಯ ಶ್ರವಣ ಹೋಯಿತು, ಮುಖದ ಒಂದು ಬದಿಗೆ ಲಕ್ವ ಹೊಡೆಯಿತು.

ಭೂಕಂಪ, ಹವಾಮಾನ, ಭೂಮಿಯ ಕಾಂತಕ್ಷೇತ್ರ?

ಅಯಸ್ಕಾಂತದ 8.3 ಟೆಸ್ಲಾ ಕ್ಷೇತ್ರವಿರುವುದು ಐದಾರು ಸೆಂಟಿಮೀಟರ್ ಅಗಲದ ರಂಧ್ರದಲ್ಲಿ. ಸುತ್ತಲಿನ ಕಬ್ಬಿಣ ಅದನ್ನು ಒಳಗೇ ಹಿಡಿದಿಡುತ್ತದೆ. ಪ್ರಭಾವ ಇರುವುದು ವಿರುದ್ಧ ದಿಕ್ಕಿನಲ್ಲಿ: ಚಂದ್ರನ ಸೆಳೆತಕ್ಕೆ ನೆಲ ಉಬ್ಬಿ ಸುರಂಗದ ಸುತ್ತಳತೆ ಸುಮಾರು ಒಂದು ಮಿಲಿಮೀಟರ್ ಬದಲಾಗುತ್ತದೆ, ಅದನ್ನು ಸರಿದೂಗಿಸಿಕೊಂಡೇ ಯಂತ್ರ ನಡೆಸಬೇಕು.

ಅಲ್ಲಿ ನಟರಾಜನ ವಿಗ್ರಹ ಏಕಿದೆ? ಅದು ಪ್ರಳಯದ ಸೂಚನೆಯಂತೆ?

ಅದು ಭಾರತ ಸರ್ಕಾರ ಕೊಟ್ಟ ಕಾಣಿಕೆ. 2004ರ ಜೂನ್ 18ರಂದು ಅನಾವರಣವಾಯಿತು, ಎತ್ತರ 2 ಮೀಟರ್. ಸರ್ನ್ ಜೊತೆ ಭಾರತೀಯ ವಿಜ್ಞಾನಿಗಳ ದಶಕಗಳ ಒಡನಾಟದ ಗುರುತು. ತಾಂಡವದಲ್ಲಿ ಸೃಷ್ಟಿ, ಸ್ಥಿತಿ, ಲಯ ಮೂರೂ ಇವೆ ಎಂಬುದು ನಮಗೆಲ್ಲ ಗೊತ್ತು. ಲಯವೊಂದನ್ನೇ ಕಿತ್ತು ತೋರಿಸುವುದು ಶಿವನಿಗೂ ವಿಜ್ಞಾನಕ್ಕೂ ಅನ್ಯಾಯ. 2016ರಲ್ಲಿ ಆ ವಿಗ್ರಹದ ಮುಂದೆ ನರಬಲಿ ಎಂದು ಹರಿದಾಡಿದ ವಿಡಿಯೊ ಕೆಲವರು ಆಡಿದ ನಾಟಕ. ಯಾರಿಗೂ ಏನೂ ಆಗಿರಲಿಲ್ಲ.

ಯಂತ್ರ ಕಟ್ಟಿದವರೇ ಸುರಕ್ಷಿತ ಎಂದರೆ ನಂಬುವುದು ಹೇಗೆ?

2003ರಲ್ಲಿ ಒಂದು, 2008ರಲ್ಲಿ ಇನ್ನೊಂದು ಸುರಕ್ಷತಾ ವರದಿ ಬಂತು. 2008ರದನ್ನು ಬರೆದ ಐವರಲ್ಲಿ ಸರ್ನ್‌ನವರಿದ್ದರು, ನಿಜ. ಆದರೆ ಲೆಕ್ಕಗಳು ಬಹಿರಂಗವಾಗಿ ಪ್ರಕಟವಾಗಿವೆ. ಕಾಸ್ಮಿಕ್ ಕಿರಣಗಳ ಎಣಿಕೆ, ಶ್ವೇತಕುಬ್ಜಗಳ ವಯಸ್ಸು ಸರ್ನ್ ಕೈಯಲ್ಲಿಲ್ಲ. ಬೇರೆ ಬೇರೆ ದೇಶಗಳ ಖಗೋಳ ವಿಜ್ಞಾನಿಗಳು ಅಳೆದವು. ಹವಾಯಿಯ ಫೆಡರಲ್ ನ್ಯಾಯಾಲಯದಲ್ಲಿ 2008ರಲ್ಲಿ ಹೂಡಿದ ದಾವೆ ಅದೇ ವರ್ಷ ವಜಾ ಆಯಿತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ತಡೆಯಾಜ್ಞೆ ಕೊಡಲಿಲ್ಲ. ಆದರೆ ನ್ಯಾಯಾಲಯದ ತೀರ್ಪು ಭೌತವಿಜ್ಞಾನದ ಪುರಾವೆಯಲ್ಲ. ಪುರಾವೆ ಮೇಲಿನ ಲೆಕ್ಕದಲ್ಲಿದೆ.

ಮುಂದೆ ಇನ್ನೂ ದೊಡ್ಡ ಯಂತ್ರ ಕಟ್ಟಿದರೆ?

ಸುಮಾರು 91 ಕಿಲೋಮೀಟರ್ ಸುತ್ತಳತೆಯ ಯಂತ್ರದ ಕಾರ್ಯಸಾಧ್ಯತಾ ಅಧ್ಯಯನವನ್ನು ಸರ್ನ್ 2025ರಲ್ಲಿ ಪ್ರಕಟಿಸಿದೆ. ಅದರ ಮೊದಲ ಹಂತ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಡಿಕ್ಕಿ. ಶಕ್ತಿ ಎಲ್‌ಎಚ್‌ಸಿಗಿಂತ ಬಹಳ ಕಡಿಮೆ. ಎಷ್ಟೋ ದಶಕಗಳ ನಂತರದ ಪ್ರೋಟಾನ್ ಹಂತಕ್ಕೆ 100 ಟೆರಾ ಎಲೆಕ್ಟ್ರಾನ್‌ವೋಲ್ಟ್ ಎಂದಿಟ್ಟುಕೊಂಡು ಮೇಲಿನ ಲೆಕ್ಕ ಮತ್ತೆ ಮಾಡಿ: 10¹⁴ರ ವರ್ಗ 10²⁸, ಭಾಗಿಸು 1.88×10⁹, ಸಿಗುವುದು 5.3×10¹⁸ ಎಲೆಕ್ಟ್ರಾನ್‌ವೋಲ್ಟ್. ಈ ಶಕ್ತಿಯ ಆಸುಪಾಸಿನ ಕಾಸ್ಮಿಕ್ ಕಣಗಳು ವರ್ಷಕ್ಕೆ ಒಂದು ಚದರ ಕಿಲೋಮೀಟರಿಗೆ ಅಂದಾಜು ಒಂದು ಬೀಳುತ್ತವೆ. ಭೂಮಿಯ ಮೇಲ್ಮೈ 51 ಕೋಟಿ ಚದರ ಕಿಲೋಮೀಟರ್.

ಇಲ್ಲೊಂದು ಸೂಕ್ಷ್ಮವಿದೆ. ಅಷ್ಟು ಮೇಲಿನ ಶಕ್ತಿಯಲ್ಲಿ ಬರುವ ಎಲ್ಲವೂ ಪ್ರೋಟಾನ್‌ಗಳಲ್ಲ. 56 ಕಣಗಳ ಕಬ್ಬಿಣದ ಬೀಜವಾದರೆ ಶಕ್ತಿ 56 ಪಾಲಾಗಿ ಹಂಚಿಹೋಗುತ್ತದೆ, ಒಂದೊಂದು ಡಿಕ್ಕಿಯ ಬಲ ಕುಗ್ಗುತ್ತದೆ. ಅರ್ಜೆಂಟೀನಾದಲ್ಲಿ 3,000 ಚದರ ಕಿಲೋಮೀಟರ್ ಹರಡಿರುವ ಪಿಯರ್ ಆಜೆ ವೀಕ್ಷಣಾಲಯ ಅಳೆಯುತ್ತಿರುವುದು ಇದೇ ಮಿಶ್ರಣವನ್ನು. ಹಾಗಾಗಿ ಪ್ರೋಟಾನ್ ಹಂತಕ್ಕೆ ಹಳೆಯ ವರದಿಯನ್ನೇ ತೋರಿಸಿದರೆ ಸಾಲದು. ಈ ಹೊಸ ಅಳತೆಗಳನ್ನು ಹಾಕಿ, ಭೂಮಿಗೂ ಶ್ವೇತಕುಬ್ಜಗಳಿಗೂ ಲೆಕ್ಕವನ್ನು ಮೊದಲಿನಿಂದ ಮಾಡಿ, ಯಂತ್ರ ಚಾಲೂ ಆಗುವುದಕ್ಕೆ ಎಷ್ಟೋ ಮುಂಚೆ ಎಲ್ಲರ ಮುಂದಿಡಬೇಕು.